ಗುಂಡನೆಯ ಬಲ್ಬಿಗೆ ಆರು ಮೂಲೆ

ಗದಗಿನಲ್ಲಿ ನಾನು ಮದುವೆ ಮುಂಜಿವೆಗಳ ಫೋಟೋ ತೆಗೆಯುವವನು. ಬೆಟಗೇರಿಯಲ್ಲಿ ಮುಚ್ಚಿಹೋದ ಸ್ಟುಡಿಯೋ ಒಂದರಿಂದ ರೀಲಿನ ಕಾಲದ ಲೆನ್ಸ್ ತಂದು ನನ್ನ ಡಿಜಿಟಲ್ ಕ್ಯಾಮೆರಾಕ್ಕೆ ಸಿಕ್ಕಿಸಿಕೊಂಡ ಮೇಲೆ ನನಗೆ ಸ್ವಲ್ಪ ಕೊಂಬು ಬಂದಿತ್ತು. ಬೆಳಕು ಬರುವ ಕಂಡಿಯನ್ನು ಹಿಗ್ಗಿಸಲು, ಕುಗ್ಗಿಸಲು ಅದರೊಳಗೆ ಆರು ತೆಳು ತಗಡುಗಳಿವೆ. ಕಂಡಿ ಪೂರ್ತಿ ತೆರೆದರೆ ತಗಡುಗಳು ಬದಿಗೆ ಸರಿದು ಕಂಡಿ ಗುಂಡಗಿರುತ್ತದೆ. ಸ್ವಲ್ಪ ಮುಚ್ಚಿದರೆ ಆರು ಮೂಲೆ ಮೂಡುತ್ತವೆ, ಚಿತ್ರದ ಹಿಂಬದಿಯಲ್ಲಿ ಮಸುಕಾದ ದೀಪಗಳಿಗೂ ಅವೇ ಆರು ಮೂಲೆ. ಈಗಿನ ಎಷ್ಟೋ ಲೆನ್ಸುಗಳಲ್ಲಿ ತಗಡು ಹೆಚ್ಚು, ಅಂಚೂ ಬಾಗಿರುವುದರಿಂದ ದೀಪ ಗುಂಡಗೇ ಉಳಿಯುತ್ತದೆ. ಈ ಪಾಠವನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ತಿರುಗುತ್ತಿದ್ದೆ.

ಈಚೆಗೆ ಲಕ್ಷ್ಮೇಶ್ವರದಲ್ಲಿ ಒಂದು ನಿಶ್ಚಿತಾರ್ಥಕ್ಕೆ ಹೋದೆ. ಹುಡುಗಿಯ ತಂದೆ ಲೈಟಿಂಗ್ ಹಾಕುವವರು. ಶಿರಹಟ್ಟಿ, ಮುಂಡರಗಿ ಕಡೆಯ ಮದುವೆಗಳಿಗೆಲ್ಲ ಅವರದೇ ದೀಪ. ಮಗಳಿಗಾಗಿ ತಾವೇ ಏಣಿ ಹತ್ತಿ ಹಿಂದಿನ ಗೋಡೆಯ ತುಂಬ ಬಲ್ಬಿನ ಸರ ಕಟ್ಟಿದ್ದರು. ಸಂಜೆ ಹುಡುಗ ಹುಡುಗಿಯನ್ನು ಕೂರಿಸಿ, ಅವರ ಹಿಂದೆ ತಂದೆಯನ್ನು ನಿಲ್ಲಿಸಿ, ಕಂಡಿ ಸ್ವಲ್ಪ ಮುಚ್ಚಿ ಒಂದು ಫೋಟೋ ತೆಗೆದೆ. ಮೂವರೂ ಚೆನ್ನಾಗಿ ಬಂದರು, ದೂರದ ಬಲ್ಬುಗಳಿಗೆ ಆರು ಮೂಲೆ ಬಂದವು. ಹುಡುಗಿಯ ತಂದೆಗೆ ಹೆಮ್ಮೆಯಿಂದ ತೋರಿಸಿದೆ. ಪುಣ್ಯಾತ್ಮರು ಮಗಳನ್ನು ನೋಡಲಿಲ್ಲ, ಅಳಿಯನನ್ನೂ ನೋಡಲಿಲ್ಲ.

“ಏನ್ರೀ ಇದು? ನನ್ನ ಬಲ್ಬಿಗೆ ಮೂಲಿ ಯಾಕ ಬಂದಾವು?”

“ಲೆನ್ಸಿನ ಗುಣ ಐತ್ರಿ ಕಾಕಾರ. ಒಳಗ ಆರು ತಗಡು ಅದಾವು.”

“ತಗಡು ನಿಮ್ಮವು, ಹೆಸರು ಕೆಡೂದು ನಂದು! ಮಗಳ ಕಾರ್ಯಕ್ಕ ಹಲ್ಕಾ ಮಾಲು ಹಾಕ್ಯಾನ ಅಂತಾರ ಮಂದಿ. ಗುಂಡಗ ತಗೀರಿ, ಜಲ್ದಿ.”

ನನಗೆ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಕಂಡಿ ಪೂರ್ತಿ ತೆರೆದು ಇನ್ನೊಂದು ತೆಗೆದೆ. ಬಲ್ಬುಗಳು ಉಂಡಿಯ ಹಾಗೆ ದುಂಡಗೆ ಬಂದವು. ಆದರೆ ಕಂಡಿ ಅಷ್ಟು ತೆರೆದರೆ ಒಂದೇ ಸಾಲು ಸ್ಪಷ್ಟ. ಮುಂದಿನ ಜೋಡಿ ಸರಿಯಾಗಿತ್ತು, ಹಿಂದೆ ನಿಂತ ಯಜಮಾನರ ಮುಖ ಮಾತ್ರ ಕರಗಿಹೋಗಿ ಮೂಗು ಯಾವುದು, ಮೀಸೆ ಯಾವುದು ತಿಳಿಯುತ್ತಿರಲಿಲ್ಲ. ಅವರಿಗೆ ಅದರ ಪರಿವೆಯೇ ಇಲ್ಲ.

“ಹಾಂ, ಈಗ ಆತ್ ನೋಡ್ರಿ! ಇದನ್ನ ದೊಡ್ಡದು ಮಾಡಿ ಕೊಡ್ರಿ.”

ಅಷ್ಟರಲ್ಲಿ ಮಗಳು ಎದ್ದು ಬಂದು ಕ್ಯಾಮೆರಾ ಇಸಿದುಕೊಂಡಳು. ಎರಡೂ ಚಿತ್ರ ನೋಡಿದಳು.

“ಅಪ್ಪಾ, ಇದರಾಗ ನೀ ಎಲ್ಲಿದ್ದಿ?”

“ಇಲ್ಲೇ ಹಿಂದ ನಿಂತೀನಲ್ಲವಾ.”

“ಇದು ನೀ ಅಲ್ಲ. ನನಗ ಮೊದಲಿಂದು ಬೇಕು.”

“ಅದರಾಗ ಬಲ್ಬ್ ಕೆಟ್ಟಾವವಾ.”

“ನಾ ಏನ್ ಬಲ್ಬ್ ಬಿಟ್ಟು ಹೊಂಟೀನೇನಪಾ?”

ಅವರು ಹೆಗಲ ಮೇಲಿನ ಟವೆಲ್ ಎಳೆದು ಬಹಳ ಹೊತ್ತು ಮುಖ ಒರೆಸಿಕೊಂಡರು. ಅಷ್ಟು ಹೊತ್ತು ಮನಸ್ಸಿನಲ್ಲೇ ಅವರನ್ನು ಬೈದುಕೊಳ್ಳುತ್ತಿದ್ದ ನನಗೆ ನಾಚಿಕೆಯಾಯಿತು. ಕೊನೆಗೆ ನನ್ನ ಕಡೆ ತಿರುಗಿ ಹೇಳಿದರು:

“ಮೊದಲಿಂದೇ ಕೊಡ್ರಿ. ಯಾರರ ಕೇಳಿದ್ರ, ಆರು ಮೂಲಿ ಬಲ್ಬ್ ಹೊಸಾ ಮಾಲು ಬಂದೈತಿ ಅಂತ ಹೇಳ್ತೀನಿ.”