ಕಿಟಕಿಯಾಚೆಯ ಟೀಚರ್

ಟೀಚರ ಬಲಗೈಯ ಎರಡು ಬೆರಳು ಯಾವಾಗಲೂ ಕಂದುಬಣ್ಣಕ್ಕಿರುತ್ತಿದ್ದವು. ಅಯೋಡಿನ್ ಕಲೆ. ವಲ್ಲಾರ್ಪಾಡಂ ದ್ವೀಪದ ಕಡೆ ಬೋಟಿನಲ್ಲಿ ಹೋಗಿ ಹಿನ್ನೀರು ತುಂಬಿಸಿದ ಬಾಟಲಿಗೆ ಅಲ್ಲೇ ಕೂತು ಅಯೋಡಿನ್ ಬಿಡುತ್ತಿದ್ದರು; ಇಲ್ಲದಿದ್ದರೆ ನೀರಿನ ಪಾಚಿ ಲ್ಯಾಬು ಮುಟ್ಟುವುದರೊಳಗೆ ಕೆಡುತ್ತದೆ. ಸೋಪಿಗೂ ಜಗ್ಗದ ಆ ಬೆರಳೆತ್ತಿಯೇ ನನ್ನನ್ನು ಬೈಯುತ್ತಿದ್ದರು: "ನೋಡದ್ದನ್ನು ಬರೀಬೇಡ ಮಾರಾಯ್ತಿ, ನೋಡಿದ್ದನ್ನು ಬಿಡಬೇಡ."

ಕೊಚ್ಚಿಯ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗದಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಕಾಸರಗೋಡಿನ ಅವರು ಅತಿಥಿ ಉಪನ್ಯಾಸಕಿ, ಪುತ್ತೂರಿನ ನಾನು ಸಂಶೋಧನಾ ವಿದ್ಯಾರ್ಥಿನಿ. ಅತಿಥಿಯಂತೆ! ಹನ್ನೊಂದು ವರ್ಷ ದುಡಿದವರನ್ನು ಯಾರ ಮನೆಯಲ್ಲಿ ಅತಿಥಿ ಅನ್ನುತ್ತಾರೆ?

ಅದರಲ್ಲೊಂದು ಕುತಂತ್ರವಿತ್ತು. ಪ್ರತಿ ಸೆಮಿಸ್ಟರ್ ಮುಗಿದಾಗ ಅವರನ್ನು ಕೆಲಸದಿಂದ ಬಿಡಿಸಿ, ಕೆಲವು ದಿನ ಬಿಟ್ಟು ಹೊಸ ಆರ್ಡರ್ ಕೊಡುತ್ತಿದ್ದರು. ಅದಕ್ಕೆ 'ಬ್ರೇಕ್' ಎಂದು ಹೆಸರು. ನಿರಂತರ ಸೇವೆಯಿದೆ, ಕಾಯಂ ಮಾಡಿ ಎಂದು ನಾಳೆ ಯಾರೂ ಕೇಳಬಾರದಲ್ಲ! ಆ ದಿನಗಳಲ್ಲಿ ಅವರು ಲ್ಯಾಬಿಗೆ ಕಾಲಿಡುವಂತಿಲ್ಲ.

"ಆರ್ಡರ್ ಮುಗಿದದ್ದು ಪಾಚಿಗೆ ಗೊತ್ತುಂಟಾ?" ಎನ್ನುತ್ತ ಟೀಚರ್ ಬಂದೇ ಬರುತ್ತಿದ್ದರು. ನೆಲಮಹಡಿಯ ಕಿಟಕಿಯ ಹೊರಗೆ ಕೊಡೆ ಹಿಡಿದು ನಿಲ್ಲುತ್ತಿದ್ದರು. ನಾವು ಸೂಕ್ಷ್ಮದರ್ಶಕವನ್ನು ಕಿಟಕಿಯ ಕಟ್ಟೆಗೆ ತಂದಿಟ್ಟು ತಿರುಗಿಸಿ ಕೊಡಬೇಕು, ಅವರು ಸರಳುಗಳ ನಡುವಿನಿಂದ ಬಗ್ಗಿ ನೋಡಿ ಹೇಳಬೇಕು. ನನ್ನ ಪ್ರಬಂಧದ ಮೊದಲ ಅಧ್ಯಾಯ ಪೂರ್ತಿ ತಿದ್ದಿದ್ದು ಆ ಕಿಟಕಿಯಲ್ಲೇ. ಗುತ್ತಿಗೆಯವರು ಗೈಡ್ ಆಗುವಂತಿಲ್ಲವೆಂದು ಪ್ರಬಂಧದಲ್ಲಿ ಗೈಡ್ ಎಂದು ವಿಭಾಗದ ಮುಖ್ಯಸ್ಥರ ಹೆಸರಿದೆ. ಆ ಮಹಾನುಭಾವರು ನನ್ನ ಒಂದು ಸ್ಲೈಡನ್ನೂ ನೋಡಿದವರಲ್ಲ.

ಕೊನೆಗೂ ಒಂದು ಕಾಯಂ ಹುದ್ದೆಗೆ ಅರ್ಜಿ ಕರೆದರು. ತಿರುವನಂತಪುರದಲ್ಲಿ ಸಂದರ್ಶನ. ಗಂಜಿ ಹಾಕಿದ ಹತ್ತಿ ಸೀರೆಯುಟ್ಟ ಟೀಚರ ಜೊತೆ ನಾನೂ ಬೆಳಗಿನ ರೈಲಿನಲ್ಲಿ ಹೋದೆ. ಒಳಹೋದವರು ಹತ್ತೇ ನಿಮಿಷದಲ್ಲಿ ಹೊರಬಂದರು.

"ಎಂತ ಕೇಳಿದ್ರು ಟೀಚರ್?"

"ಮಧ್ಯೆ ಮಧ್ಯೆ ಗ್ಯಾಪ್ ಉಂಟಲ್ಲ, ಆಗ ಎಂತ ಮಾಡ್ತಿದ್ರಿ ಅಂತ. ಕಿಟಕಿ ಹೊರಗೆ ನಿಂತಿದ್ದೆ ಅಂದೆ. ನಕ್ಕರು."

ತಾವೇ ಗುಂಡಿ ತೋಡಿ, ಯಾಕೆ ಬಿದ್ದೆ ಎಂದು ಕೇಳಿ ನಗುವ ಜನಕ್ಕೆ ಏನನ್ನಬೇಕು? ಥೂ! ಸೇವೆ ನಿರಂತರವಾಗಿಲ್ಲ ಎಂದು ಬರೆದು ಹುದ್ದೆಯನ್ನು ಬೇರೆಯವರಿಗೆ ಕೊಟ್ಟರು.

ಟೀಚರ್ ದೂರು ಕೊಟ್ಟರು. ವಿಚಾರಣೆಗೆ ಬಂದ ಅಧಿಕಾರಿ ನನ್ನನ್ನು ಕರೆದರು. ಪಕ್ಕದಲ್ಲೇ ಮುಖ್ಯಸ್ಥರು, ಅವರ ಮೇಜಿನ ಮೇಲೆ ಸಹಿಗೆ ಕಾದಿದ್ದ ನನ್ನ ಪ್ರಬಂಧ.

"ಬ್ರೇಕಿನ ದಿನಗಳಲ್ಲಿ ಅವರು ಕೆಲಸ ಮಾಡಿದ್ದನ್ನು ನೀವು ನೋಡಿದ್ದೀರಾ?"

"ನೆನಪಿಲ್ಲ ಸಾರ್," ಅಂದೆ.

ಇಷ್ಟು ಹೊತ್ತು ಊರವರನ್ನೆಲ್ಲ ಬೈದೆನಲ್ಲ, ಆ ಸಾಲಿನಲ್ಲಿ ಮೊದಲು ನಿಲ್ಲಿಸಿ ಬೈಯಬೇಕಾದದ್ದು ನನ್ನನ್ನು. ಟೀಚರಿಗೆ ಅದು ಸಂಜೆಯೇ ತಿಳಿಯಿತು. "ಮೊದಲು ಥೀಸಿಸ್ ಮುಗಿಸು," ಅಂದರು, ಅಷ್ಟೆ. ಕೆನ್ನೆಗೆ ಎರಡು ಬಾರಿಸಿದ್ದರೆ ಎಷ್ಟೋ ಮೇಲಿತ್ತು.

ದೂರು ಬಿದ್ದುಹೋಯಿತು. ಆಮೇಲೆ ಕಾಯಂ ಹುದ್ದೆಗೆ ಅರ್ಜಿ ಹಾಕುವ ವಯಸ್ಸಿನ ಮಿತಿಯನ್ನೂ ಅವರು ದಾಟಿದರು. ಹೋದ ವರ್ಷ ತೀರಿಕೊಂಡರು. ಸಂತಾಪ ಸಭೆಗೆ ಬಂದ ಆ ನಿವೃತ್ತ ಮುಖ್ಯಸ್ಥರು, "ಅವರು ನಮ್ಮ ಮನೆಯವರೇ ಆಗಿದ್ದರು," ಎಂದು ಕಣ್ಣೊರೆಸಿಕೊಂಡರು. ಮನೆಯವರನ್ನು ಕಿಟಕಿ ಹೊರಗೆ ನಿಲ್ಲಿಸುತ್ತಾರಾ ಸಾರ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳಲು ನನಗೆ ಯಾವ ಮುಖವಿತ್ತು?

ಈಗ ಮುಖ್ಯಸ್ಥರ ಆ ಕುರ್ಚಿಯಲ್ಲಿ ನಾನು ಕೂತಿದ್ದೇನೆ. ಹೋದ ತಿಂಗಳು ನಮ್ಮ ಹೊಸ ಅತಿಥಿ ಉಪನ್ಯಾಸಕಿಯ ಬ್ರೇಕಿನ ಕಾಗದ ಬಂತು. ಆ ದಿನಗಳಲ್ಲಿ ಆಕೆ ಯಾವ ಕೆಲಸವನ್ನೂ ಮಾಡಿಲ್ಲ ಎಂದು ನಾನು ದೃಢೀಕರಿಸಬೇಕಂತೆ. ಆ ಹುಡುಗಿ ದಿನಾ ಬಂದು ಲ್ಯಾಬಿನಲ್ಲಿ ಬೆಳೆಸುವ ಪಾಚಿಗೆ ನೀರು ಬದಲಿಸಿದ್ದಾಳೆ. ಸಹಿ ಹಾಕದೆ ವಾಪಸ್ಸು ಕಳಿಸಿದೆ. ವಿವರಣೆ ಕೇಳಿ ಮೆಮೊ ಬಂತು.

"ಒಂದು ಸಹಿ ತಾನೇ ಮೇಡಂ, ಹಾಕಿಬಿಡಿ," ಎಂದು ಗುಮಾಸ್ತರು ಪೆನ್ನು ಮುಂದೆ ಹಿಡಿದರು.

ಪೆನ್ನು ತೆಗೆದುಕೊಂಡು ಮೆಮೊದ ಕೆಳಗೇ ಉತ್ತರ ಬರೆದೆ: "ಆಕೆ ಕೆಲಸ ಮಾಡಿದ್ದನ್ನು ನಾನು ನೋಡಿದ್ದೇನೆ. ನೆನಪಿದೆ."