ಗುಬ್ಬಿಯ ಬೋಗುಣಿಗೆ ಕ್ಯಾಪ್ಸೂಲು

ಗುಬ್ಬಿಗೆ ಯಾರಾದರೂ ಆಂಟಿಬಯಾಟಿಕ್ ಕುಡಿಸುತ್ತಾರೆಯೇ? ನಗಬೇಡಿ. ಹುಮನಾಬಾದಿನಲ್ಲಿರುವ ನಮ್ಮಕ್ಕ ಕುಡಿಸುತ್ತಾಳೆ!

ಕಳೆದ ವಾರ ಅಕ್ಕನ ಮೊಮ್ಮಗಳು, ಐದು ವರ್ಷದ ಶೋಭಾಳಿಗೆ ರಕ್ತಭೇದಿ ಎಂದು ಸುದ್ದಿ ಬಂತು. ಬಸವಕಲ್ಯಾಣದಿಂದ ಸಿಕ್ಕ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಓಣಿಯೆಲ್ಲ ಕುಣಿದಾಡುವ ಹುಡುಗಿ ಕಣ್ಣೇ ತೆರೆಯುತ್ತಿಲ್ಲ. ಕೊಟ್ಟ ಔಷಧ ಒಂದಿಷ್ಟೂ ನಾಟಿರಲಿಲ್ಲ.

"ಈ ದವಾ ಮನ್ಯಾಗ ಮೊದಲ ಯಾರಿಗರ ಕೊಟ್ಟಿದ್ರೇನ್ರಿ?" ಮನೆಗೆ ಬಂದ ಡಾಕ್ಟರು ಕೇಳಿದರು.

"ಎಲ್ಲಾರಿಗೂ ಕೊಟ್ಟೀವ್ರಿ ಸಾಹೇಬ್ರ. ಜ್ವರ ಇಳೀತಂದ್ರ ಬಿಡ್ತೀವಿ," ಎಂದಳು ಅಕ್ಕ. "ಉಳದ ಕ್ಯಾಪ್ಸೂಲ್ ಚೆಲ್ಲಿದ್ರ ಪಾಪ ಅಲ್ಲೇನ್ರಿ? ಒಡದು ಗುಬ್ಬಿ ನೀರಾಗ ಹಾಕ್ತೀನಿ. ಅವಕ್ಕೂ ಜೀವ ಅದ!"

ಪುಣ್ಯದ ಕೆಲಸ ಹೇಳಿಕೊಂಡ ಹೆಮ್ಮೆ ಅವಳ ಮುಖದಲ್ಲಿ. ಡಾಕ್ಟರು ನನ್ನ ಮುಖ ನೋಡಿದರು. ನಾನು ಆ ಗುಬ್ಬಿ ನೀರು ನೋಡಲು ಮಾಳಿಗೆ ಹತ್ತಿದೆ.

ಅಲ್ಲಿ ಹಕ್ಕಿಗಳಿಗೆಂದು ಮಣ್ಣಿನ ಬೋಗುಣಿ. ಪಕ್ಕದಲ್ಲೇ ಮುಚ್ಚಳವಿಲ್ಲದ ನೀರಿನ ಟಾಕಿ (ಮನೆಮಂದಿ ಕುಡಿಯುವುದು ಇದೇ ನೀರು). ಗುಬ್ಬಿ, ಕಾಗೆಗಳು ಬೋಗುಣಿಯಲ್ಲಿ ಕುಡಿದು, ಟಾಕಿಯ ಅಂಚಿಗೆ ಕೂತು ಹಿಕ್ಕೆ ಹಾಕುತ್ತಿದ್ದವು. ಅಯ್ಯೋ ಶಿವನೇ!

"ಇದರಿಂದನ ಬಂತು ಅಂತ ನಾ ಆಣಿ ಮಾಡಿ ಹೇಳಂಗಿಲ್ರಿ," ಎಂದರು ಹಿಂದೆಯೇ ಹತ್ತಿ ಬಂದ ಡಾಕ್ಟರು. "ಆದ್ರ ಅರ್ಧಮರ್ಧ ದವಾ ಬಿದ್ರ ಕ್ರಿಮಿ ಎಲ್ಲಾ ಸಾಯಂಗಿಲ್ಲ. ಉಳದವು ದವಾಕ್ಕ ಬಗ್ಗಂಗಿಲ್ಲ. ಹಕ್ಕಿ ಹೊಟ್ಟ್ಯಾಗ ಕೂತು ಊರೂರು ತಿರಗತಾವ. ಅವಕ್ಕ ಬಸ್ ಟಿಕೆಟ್ ಬೇಕೇನ್ರಿ?"

ನನಗೆ ದಿಗಿಲು ಬಿತ್ತು. ಬೆಳಿಗ್ಗೆ ಇಲ್ಲಿ ನೀರು ಕುಡಿದ ಕಾಗೆ ಮಧ್ಯಾಹ್ನ ಮಾಣಿಕನಗರದಲ್ಲಿ, ಸಂಜೆ ದುಬಲಗುಂಡಿಯ ಯಾವುದೋ ಬಾವಿಕಟ್ಟೆಯ ಮೇಲೆ. ಆ ಬಾವಿಯ ನೀರು ಕುಡಿಯುವ ಮಕ್ಕಳ ಗತಿ? ಅವರ ತಾಯಂದಿರಿಗೆ ನಮ್ಮಕ್ಕನ ಬೋಗುಣಿಯ ಸುದ್ದಿ ಯಾರು ಹೇಳಬೇಕು?

ಡಾಕ್ಟರು ಬೇರೆ ಔಷಧ ಬರೆದುಕೊಟ್ಟರು. ಹುಮನಾಬಾದಿನಲ್ಲಿ ಸಿಗಲಿಲ್ಲ, ಬೀದರಿನಿಂದ ತರಿಸಿದೆವು. ಕೊನೆಗೂ ಶೋಭಾ ಕಣ್ಣು ಬಿಟ್ಟಳು. "ಆಯೀ, ಹಸಿವ್ಯಾಗ್ಯದ," ಎಂದು ಅಜ್ಜಿಯ ಸೆರಗು ಎಳೆದಳು. ಅಕ್ಕ ಅತ್ತಳು. ನಾನೂ ಅತ್ತೆ, ಅದರಲ್ಲಿ ನಾಚಿಕೆಯೇನು?

ಬೋಗುಣಿಯ ವಿಷಯ ಅಕ್ಕನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಹೂಂ ಹೂಂ ಎಂದಳು. ಟಾಕಿಗೆ ತಗಡು ಮುಚ್ಚಿಸಿದಳು. ನಾನು ನಿಶ್ಚಿಂತೆಯಿಂದ ಚೀಲ ಹೆಗಲಿಗೇರಿಸಿ ಹೊರಟೆ.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೈಯಲ್ಲಿ ಹೊಸ ಔಷಧ, ಅರ್ಧ ಹಾಗೇ ಉಳಿದಿದೆ.

"ನೀ ಹೇಳಿದ್ದು ಖರೇ ಅದ ತಮ್ಮಾ. ಆ ಹಳೇ ದವಾದಾಗ ದಮ್ ಇರಲಿಲ್ಲ. ಇನ್ನ ಮ್ಯಾಲ ಗುಬ್ಬಿಗೂ ಇದನ್ನ ಹಾಕ್ತೀನಿ."

ಹೇಳಿ, ಮುಂದಿನ ಸಲ ಡಾಕ್ಟರು ಯಾವ ಔಷಧ ಬರೆದುಕೊಡಬೇಕು?