ನೀರುಗಂಟಿಯ ಪುಟಕ್ಕೆ ಬಂದ ನೋಟಿಸು

ಪೂರಿಗಾಲಿ ದಾಟಿ ಉಪನಾಲೆಯ ಏರಿ ಹಿಡಿದು ಒಂದೂವರೆ ಮೈಲಿ ನಡೆದರೆ ನಾಲ್ಕನೇ ತೂಬು ಸಿಗುತ್ತದೆ. ಹೊತ್ತು ಈಗತಾನೇ ಹುಟ್ಟಿದೆ, ಗಂಟೆ ಆರು. ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ ಮುದ್ದಯ್ಯ ತೂಬಿನ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ. ಅಲ್ಲಿಂದ ಬಿರಬಿರನೆ ನಡೆದು ಐದನೇ ತೂಬು ತೆರೆಯುತ್ತಾರೆ. ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು, ಗಾಜು ಸೀಳಿದ ಫೋನು ತೆಗೆದು ವರದಿಗೆಂದು ಬಂದ ನನ್ನ ಮುಂದೆ ಹಿಡಿಯುತ್ತಾರೆ. ಪರದೆಯ ಮೇಲೆ ನಾಲ್ಕು ಕೆಂಪಾಗಿದೆ, ಐದು ಹಸಿರಾಗಿದೆ.

"ಬದ್ಲಾತು ನೋಡಿ ಸಾ" ಅನ್ನುತ್ತಾರೆ.

ಇವತ್ತು ಯಾವ ತೂಬಿಗೆ ನೀರು ಎಂದು ತೋರಿಸುವ ಈ ವೆಬ್ ಪುಟ ಕಟ್ಟಿದವರು ಇವರೇ. ವಯಸ್ಸು ನಲವತ್ತೆಂಟು, ಓದು ಹತ್ತನೇ ಕ್ಲಾಸು ಫೇಲು. ನಾಲೆ ನೀರನ್ನು ಸರದಿ ಪ್ರಕಾರ ಗದ್ದೆಗಳಿಗೆ ಬಿಡುವ ನೀರುಗಂಟಿಯ ಕೆಲಸಕ್ಕೆ ಸೇರಿ ಹದಿನಾರು ವರ್ಷವಾಯಿತು, ಇನ್ನೂ ದಿನಗೂಲಿ. ಈಗ ಆ ಪುಟವನ್ನು ಶನಿವಾರದೊಳಗೆ ಮುಚ್ಚಬೇಕು, ಇಲ್ಲವಾದರೆ ಸೋಮವಾರದಿಂದ ಕೆಲಸಕ್ಕೆ ಬರಬೇಕಿಲ್ಲ ಎಂದು ನೀರಾವರಿಯ ಮೇಲಿನ ಕಚೇರಿಯೊಂದು ನೋಟಿಸು ಕೊಟ್ಟಿದೆ. ಇವತ್ತು ಶನಿವಾರ. ನೋಟಿಸು ಓದಿದಾಗಿನಿಂದ ನನಗೆ ಮೈಯೆಲ್ಲ ಉರಿಯುತ್ತಿದೆ. ಅವರು ಮಾತ್ರ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಎಂದಿನಂತೆ ನಡೆಯುತ್ತಿದ್ದಾರೆ.

ನಾಲೆಯಲ್ಲಿ ಹನ್ನೆರಡು ತೂಬುಗಳಿವೆ. ಒಂದೊಂದಕ್ಕೂ ಒಂದು ಹಗಲು, ಒಂದು ರಾತ್ರಿ ನೀರು. ತಪ್ಪಿದರೆ ಮತ್ತೆ ಹನ್ನೆರಡು ದಿನ ಬಾಯಿ ಬಿಟ್ಟುಕೊಂಡು ಕಾಯಬೇಕು. ಮುದ್ದಯ್ಯ ದಿನಕ್ಕೆ ಹದಿನಾಲ್ಕು ಕಿಲೋಮೀಟರು ನಡೆಯುತ್ತಾರೆ. ಅದರ ಜೊತೆಗೆ ಎರಡು ವರ್ಷದ ಹಿಂದಿನವರೆಗೆ ದಿನಕ್ಕೆ ಅರವತ್ತು ಎಪ್ಪತ್ತು ಫೋನು ಕರೆ ಬರುತ್ತಿದ್ದವು. ಎಲ್ಲರದ್ದೂ ಒಂದೇ ಪ್ರಶ್ನೆ, ನಮ್ಮ ಸರದಿ ಯಾವತ್ತು ಅಂತ. ಊಟಕ್ಕೆ ಕೂತರೂ ಬಿಡುತ್ತಿರಲಿಲ್ಲವಂತೆ. ಒಂದು ಸಲ ಫೋನಿನಲ್ಲಿ ರೈಲಿನ ಸಮಯ ನೋಡುವಾಗ ತಲೆಗೆ ಬಂತು. ಇಂಥದ್ದೇ ಒಂದು ನಮ್ಮ ನಾಲೆಗೆ ಯಾಕಿರಬಾರದು?

ಯಾರೂ ಹೇಳಿರಲಿಲ್ಲ, ಕೇಳಿರಲಿಲ್ಲ. ತಾವಾಗಿಯೇ ಹಿಡಿಸಿಕೊಂಡ ಹುಚ್ಚು. ಮಳವಳ್ಳಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯ ಅಮೃತ ಎಂಬಾಕೆ ಪ್ರತಿ ಭಾನುವಾರ ಒಂದು ಹಳೆ ಕಂಪ್ಯೂಟರು ಬಿಟ್ಟುಕೊಟ್ಟರು. ಕನ್ನಡದ ವಿಡಿಯೊ ನೋಡಿ ನೋಡಿ, ನಿಲ್ಲಿಸಿ ನಿಲ್ಲಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಲಿತರು. ಒಂದು ಚುಕ್ಕಿ ತಪ್ಪಿದರೂ ಪುಟವೆಲ್ಲ ಬೆಳ್ಳಗೆ. ಮೊದಲು ನಾಲೆಯ ಫೋಟೊ ಹಾಕಿದ್ದರಂತೆ. ಗದ್ದೆ ಬಯಲಿನಲ್ಲಿ ಸಿಗ್ನಲ್ ಇಲ್ಲದೆ ಅದು ತೆರೆಯಲೇ ಇಲ್ಲ, ಕಿತ್ತು ಹಾಕಿದರು. ಹಳದಿ ಅಕ್ಷರ ಇಟ್ಟರು, ಬಿಸಿಲಿನಲ್ಲಿ ಕಾಣಲಿಲ್ಲ. ಕೊನೆಗೆ ಬಿಳಿ ಮೇಲೆ ಕಪ್ಪು, ಕನ್ನಡಕವಿಲ್ಲದ ಮುದುಕರೂ ಓದುವಷ್ಟು ದಪ್ಪ. ತೂಬಿಗೆ ಬರೀ ನಂಬರಲ್ಲ, ಜನ ಕರೆಯುವ ಹೆಸರನ್ನೂ ಹಾಕಿದರು. ಹುಣಸೇಮರದ ತೂಬು, ಕಲ್ಲುಸೇತುವೆ ತೂಬು. ದೊಡ್ಡ ದೊಡ್ಡ ಕಂಪನಿಗಳ ವಿನ್ಯಾಸಕಾರರಿಗೆ ಹೊಳೆಯದ ಬುದ್ಧಿ ಇದು, ನಾನು ಮುಲಾಜಿಲ್ಲದೆ ಹೇಳುತ್ತೇನೆ.

ತಪ್ಪೂ ಮಾಡಿದರು. ಅದನ್ನು ಅವರೇ ಹೇಳುತ್ತಾರೆ, ಮುಚ್ಚಿಡುವುದಿಲ್ಲ. ನಾಲೆಯ ಪದ್ಧತಿಯಲ್ಲಿ ಸರದಿ ಬದಲಾಗುವುದು ಬೆಳಗ್ಗೆ ಆರಕ್ಕೆ, ಹೊತ್ತು ಹುಟ್ಟಿದ ಮೇಲೆ. ಆದರೆ ಪುಟ ಫೋನಿನ ತಾರೀಖನ್ನು ನಂಬಿತ್ತು. ತಾರೀಖು ರಾತ್ರಿ ಹನ್ನೆರಡಕ್ಕೇ ಬದಲಾಯಿತು, ಜೊತೆಗೆ ಪುಟದ ಬಣ್ಣವೂ ಬದಲಾಯಿತು. ಮುಂದಿನ ತೂಬಿನವರು ತಮ್ಮದು ಹಸಿರಾಗಿದ್ದು ನೋಡಿ, ಮಲ್ಲಿಗಮ್ಮ ಎಂಬಾಕೆಯ ಗದ್ದೆಗೆ ನೀರು ಹೋಗುವ ತೂಬು ಮುಚ್ಚಿ ತಮ್ಮದು ತೆರೆದುಕೊಂಡರು. ಒಂಟಿ ಹೆಂಗಸು, ತೂಬಿನ ಕೊನೆಗೆ ಅರ್ಧ ಎಕರೆ ಗದ್ದೆ, ನೀರು ಮುಟ್ಟುವುದೇ ನಡುರಾತ್ರಿ ಕಳೆದ ಮೇಲೆ. ಅವರ ಭತ್ತದ ಒಟ್ಲು, ನಾಟಿಗೆ ಬೆಳೆಸಿದ್ದ ಸಸಿ ಮಡಿ, ಒಣಗಿ ಹೋಯಿತು.

"ನಮ್ಮಲ್ಲಿ ಒತ್ತು ಉಟ್ಟದೆ ದಿನ ಎಂಗ್ ಬದ್ಲಾದದು ಸಾ? ನಂಗೆ ಅದು ತಲೆಗೇ ಓಗ್ನಿಲ್ಲ" ಅನ್ನುತ್ತಾರೆ ಮುದ್ದಯ್ಯ.

ಮಲ್ಲಿಗಮ್ಮ ಬಾಗಿಲಿಗೆ ಬಂದು ಊರು ಕೇಳುವ ಹಾಗೆ ಬೈದರಂತೆ. ಮುದ್ದಯ್ಯ ತಮ್ಮ ಗದ್ದೆಗೆ ಬೆಳೆಸಿದ್ದ ಪೈರನ್ನು ಕಿತ್ತು, ಕಟ್ಟು ಕಟ್ಟಿ, ತಾವೇ ಹೊತ್ತು ಆಕೆಯ ಗದ್ದೆಗೆ ಹಾಕಿಬಂದರು. ಆ ವರ್ಷ ಇವರ ಅರ್ಧ ಎಕರೆ ಬೀಳು. ಆಮೇಲೆ ನಾಲ್ಕು ಭಾನುವಾರ ತಲೆ ಕೆಡಿಸಿಕೊಂಡು ಉಪಾಯ ಕಂಡುಹಿಡಿದರು. ಗಡಿಯಾರದಿಂದ ಆರು ಗಂಟೆ ಕಳೆದುಬಿಟ್ಟರೆ ಪುಟಕ್ಕೂ ದಿನ ಆರಕ್ಕೇ ಶುರುವಾಗುತ್ತದೆ. ಅಂದಿನಿಂದ ಒಂದು ತಪ್ಪೂ ಇಲ್ಲ. ಫೋನು ಕರೆ ದಿನಕ್ಕೆ ಐದಾರಕ್ಕೆ ಇಳಿದಿದೆ.

ಇನ್ನು ಕಚೇರಿಯ ಕಥೆ. ಪುಟ ಕಟ್ಟಿದ ಮೊದಲ ವಾರ, ಆ ತಪ್ಪು ಗೊತ್ತಾಗುವ ಮೊದಲೇ, ಖುಷಿ ತಡೆಯಲಾರದೆ ಮುದ್ದಯ್ಯ ಅದನ್ನು ಅಲ್ಲಿನ ಒಬ್ಬ ಸಾಹೇಬರಿಗೆ ತೋರಿಸಿದ್ದರು. ಸಾಹೇಬರು ಭೇಷ್ ಅಂದು, ಕಳಿಸು ನೋಡೋಣ ಅಂದರು. ಇವರು ಕಳಿಸಿದರು. ಹೋದ ತಿಂಗಳು ಮಂಡ್ಯದಲ್ಲಿ ಹಾರ, ಶಾಲು, ಫೋಟೊ ಎಲ್ಲ ಆಗಿ ಕಚೇರಿಯ ಹೊಸ ಆ್ಯಪ್ ಬಿಡುಗಡೆಯಾಯಿತು. ಅದರಲ್ಲಿ ಇವರದೇ ಪಟ್ಟಿ, ಇವರದೇ ಬಣ್ಣ. ಸಾಕ್ಷಿ ಬೇಕೆ? ಜನರ ಬಾಯಲ್ಲಿ ಹೆಸರಿಲ್ಲದ ಒಂಬತ್ತನೇ ತೂಬಿಗೆ ಮುದ್ದಯ್ಯ ತಾವೇ ಕೆಂದನ ತೂಬು ಎಂದು ಹೆಸರಿಟ್ಟಿದ್ದರು. ಕೆಂದ ಅವರ ಸತ್ತ ಎತ್ತು, ಅಲ್ಲಿ ನೀರು ಕುಡಿಯುತ್ತಿತ್ತು. ಆ ಹೆಸರನ್ನು ಭೂಮಿ ಮೇಲೆ ಬೇರೆ ಯಾರೂ ಹೇಳುವುದಿಲ್ಲ. ಸರ್ಕಾರದ ಆ್ಯಪಿನಲ್ಲಿ ಮಾತ್ರ ಅದು ಠೀವಿಯಿಂದ ಕೂತಿದೆ. ಕದಿಯುವುದಕ್ಕೂ ಒಂದು ಯೋಗ್ಯತೆ ಬೇಡವೇ? ಕದ್ದದ್ದು ಮೊದಲ ವಾರದ ಪುಟ, ಅದರ ತಪ್ಪಿನ ಸಮೇತ. ಹಾಗಾಗಿ ಆ್ಯಪಿನಲ್ಲಿ ದಿನ ಮತ್ತೆ ಹನ್ನೆರಡಕ್ಕೇ ಬದಲಾಗುತ್ತದೆ. ಹೋದ ವಾರ ಮೂರು ತೂಬಿನಲ್ಲಿ ಜಗಳವಾಗಿ, ಒಬ್ಬರ ಹಣೆ ಒಡೆದಿದೆ. ಬೈಗುಳ ತಿಂದವರು ಏರಿಯ ಮೇಲಿದ್ದ ಮುದ್ದಯ್ಯ. ಶಾಲು ಹೊದ್ದವರು ಫ್ಯಾನಿನ ಕೆಳಗೆ ಕೂತು ನೋಟಿಸು ಬರೆದರು. ಎರಡು ಪುಟಗಳಿರುವುದರಿಂದ ಸಾರ್ವಜನಿಕರಿಗೆ ಗೊಂದಲವಾಗುತ್ತಿದೆ, ಅನಧಿಕೃತ ಪುಟವನ್ನು ಮುಚ್ಚತಕ್ಕದ್ದು ಅಂತ. ಥೂ, ನಾಚಿಕೆ ಅನ್ನುವುದು ಇವರ ಹತ್ತಿರ ಸುಳಿಯುವುದೇ ಇಲ್ಲವೆ?

ನಾನು ಕಚೇರಿಗೆ ಫೋನು ಮಾಡಿ ಕೇಳಿದೆ. ಆರು ಗಂಟೆಯ ವಿಷಯ ಪರಿಶೀಲನೆಯಲ್ಲಿದೆ, ನೀರುಗಂಟಿಗೆ ಕಂಪ್ಯೂಟರಿನ ಉಸಾಬರಿ ಯಾಕೆ ಎಂಬ ಉತ್ತರ ಬಂತು.

ಹತ್ತು ಗಂಟೆಗೆ ಮುದ್ದಯ್ಯನ ಜೊತೆ ಮಳವಳ್ಳಿಗೆ ಬಸ್ಸು ಹತ್ತಿದೆ. ಪುಟ ಮುಚ್ಚುವುದಾದರೂ, ಬಿಡುವುದಾದರೂ ಅಮೃತ ಅವರ ಅಂಗಡಿಯಲ್ಲೇ. ಕೆಲಸ ಹೋದರೆ ಮನೆ ಹೇಗೆ ನಡೆಯುತ್ತದೆ ಎಂದು ಅಮೃತ ದಾರಿಗೆ ತರುವವರಂತೆ ಹೇಳಿದರು. ಮುಚ್ಚಿಬಿಡಿ ಅಣ್ಣ, ಎರಡು ನಿಮಿಷದ ಕೆಲಸ ಅಂದರು. ಮುದ್ದಯ್ಯ ಕುರ್ಚಿ ಎಳೆದು ಕೂತು ಪುಟ ತೆರೆದರು.

"ಮುಚ್ಚಿದ್ರೆ ಜನ ಆ ಆ್ಯಪನ್ನೇ ನಂಬ್ತಾರೆ ಕಣವ್ವ. ಆಮೇಕೆ ಇನ್ಯಾರ್ದೋ ಒಟ್ಲು ಒಣಗ್ತದೆ. ಕೊಡಾಕೆ ನನ್ತಾವ ಪೈರು ಎಲ್ಲದೆ?"

ನೋಟಿಸನ್ನು ಜೇಬಿನಿಂದ ತೆಗೆದು, ಬಿಡಿಸಿ, ಅಮೃತ ಅವರಿಂದ ಇನ್ನೊಮ್ಮೆ ಓದಿಸಿಕೊಂಡರು. ಗೊಂದಲ ಎಂಬಲ್ಲಿಗೆ ಬಂದಾಗ ಸಾಕು ಅಂದರು. ಆಮೇಲೆ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತತೊಡಗಿದರು. ಎರಡು ವರ್ಷದಿಂದ ಈ ಪುಟದಲ್ಲಿ ಅವರ ಹೆಸರು ಎಲ್ಲೂ ಇರಲಿಲ್ಲ. ಅದು ಬೇಕು ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲವಂತೆ. ಹತ್ತು ನಿಮಿಷದ ಮೇಲೆ ಪುಟದ ನೆತ್ತಿಯಲ್ಲಿ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಒಂದು ಸಾಲು ಕಾಣಿಸಿಕೊಂಡಿತು: ಇದು ಕಚೇರಿಯ ಪುಟ ಅಲ್ಲ, ನೀರುಗಂಟಿ ಮುದ್ದಯ್ಯನ ಪುಟ.

ಕುರ್ಚಿಯಿಂದ ಎದ್ದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೇಳಿದರು: "ಈಗ ಯಾರ್ಗೂ ಗೊಂದ್ಲ ಆಗಕಿಲ್ಲ ಕನ ಸಾ."